ಮಲ್ಲನ ವೈರಿ ಎನಿಸಿಕೊಂಡ ಮಲ್ಲಯ್ಯ: ಮೈಲಾರನ ಹೆಸರಿನ ಮೂಲ

ಸದಲಗಾದ ಕಡೆಯಿಂದ ಕೃಷ್ಣೆ ದಾಟಿ ಕಾಗವಾಡ ತಾಲ್ಲೂಕಿನ ಮಂಗಸೂಳಿಗೆ ಹೋಗುವ ಭಕ್ತರು ಒಂದೇ ದೇವರಿಗೆ ನಡೆದುಕೊಳ್ಳುತ್ತಾರೆ, ಆದರೆ ಎಲ್ಲರೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಕನ್ನಡದ ಮನೆಯವರಿಗೆ ಅವನು ಮಲ್ಲಯ್ಯ. ಮಿರಜ, ಸಾಂಗಲಿ, ಕೊಲ್ಹಾಪುರದಿಂದ ಬರುವವರಿಗೆ ಖಂಡೋಬಾ, ಜಯಘೋಷದಲ್ಲಿ ಮಲ್ಹಾರ. ಸಂಸ್ಕೃತ ಸ್ತೋತ್ರದಲ್ಲಿ ಅವನು ಮಲ್ಲಾರಿ, ಮಾರ್ತಾಂಡ ಭೈರವ. ದಕ್ಷಿಣಕ್ಕೆ ಇಳಿದು ಹಡಗಲಿ ತಾಲ್ಲೂಕಿನ ಮೈಲಾರಕ್ಕೋ ರಾಣೆಬೆನ್ನೂರು ಬಳಿಯ ದೇವರಗುಡ್ಡಕ್ಕೋ ಹೋದರೆ ಅವನೇ ಮೈಲಾರಲಿಂಗ. ಇಷ್ಟು ಹೆಸರುಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲೆ ಬಂದದ್ದು ಎಂಬ ಪ್ರಶ್ನೆಗೆ ಪಂಡಿತರ ನಡುವೆ ಬಹುಕಾಲ ಓಡಾಡಿದ ಸುಲಭದ ಉತ್ತರವೊಂದಿದೆ: ಮಲ್ಲನೆಂಬ ದೈತ್ಯನ ಅರಿ ಮಲ್ಲಾರಿ, ಅದು ಮರಾಠಿಯಲ್ಲಿ ಮಲ್ಹಾರಿ ಆಯಿತು, ಕನ್ನಡಿಗರ ಬಾಯಲ್ಲಿ ಕೆಟ್ಟು ಮೈಲಾರ ಆಯಿತು. ಈ ಉತ್ತರ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮೈಲಾರ ಹಳೆಯದು, ಮಲ್ಲಾರಿ ಹೊಸದು. ಹೆಸರು ಮೊದಲಿತ್ತು, ಅದಕ್ಕೆ ಅರ್ಥ ಹಚ್ಚಲು ದೈತ್ಯನನ್ನು ಆಮೇಲೆ ಕರೆತರಲಾಯಿತು.

ಮೊದಲು ಆ ಕಥೆಯನ್ನೇ ನೋಡೋಣ. ಮಣಿ ಮತ್ತು ಮಲ್ಲ ಎಂಬ ಅಣ್ಣತಮ್ಮಂದಿರು ಮಣಿಚೂರ್ಣ ಪರ್ವತದ ಋಷಿಗಳನ್ನು ಪೀಡಿಸುತ್ತಾರೆ. ಋಷಿಗಳ ಮೊರೆ ಕೇಳಿ ಶಿವ ಮಾರ್ತಾಂಡ ಭೈರವನ ರೂಪ ತಾಳಿ, ಕುದುರೆ ಏರಿ, ಏಳು ಕೋಟಿ ಸೈನ್ಯದೊಡನೆ ಬಂದು ಇಬ್ಬರನ್ನೂ ಸೋಲಿಸುತ್ತಾನೆ. ಆ ಗೆಲುವಿನ ನೆನಪೇ ಮಾರ್ಗಶಿರ ಶುದ್ಧ ಷಷ್ಠಿಯ ಚಂಪಾಷಷ್ಠಿ. ಇದನ್ನು ಹೇಳುವ ಸಂಸ್ಕೃತ ಗ್ರಂಥ ಮಲ್ಹಾರಿ ಮಾಹಾತ್ಮ್ಯ. ತಾನು ಬ್ರಹ್ಮಾಂಡ ಪುರಾಣದ ಕ್ಷೇತ್ರಖಂಡದ ಭಾಗ ಎಂದು ಅದು ಹೇಳಿಕೊಳ್ಳುತ್ತದೆ. ಆದರೆ ಆ ಪುರಾಣದ ಪ್ರಚಲಿತ ಮುದ್ರಣಗಳಲ್ಲಿ ಅದು ಇಲ್ಲ. ಪಶುಪಾಲಕರ ದೇವರುಗಳ ಬೆನ್ನು ಹತ್ತಿ ವರ್ಷಗಟ್ಟಲೆ ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಅಲೆದ ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ಅದನ್ನು 1260 ಮತ್ತು 1540ರ ನಡುವಿನ ಕೃತಿ ಎಂದು ಎಣಿಸಿದರು. ಸಿದ್ಧಪಾಲ ಕೇಸರಿ ಅದನ್ನು ಮರಾಠಿಗೆ ತಂದದ್ದು 1585ರಲ್ಲಿ. ಮಲ್ಲಾರಿ ಎಂಬ ಅರ್ಥಕ್ಕೆ ಇರುವ ಮುಖ್ಯ ಆಧಾರ ಈ ಒಂದು ಗ್ರಂಥಪರಂಪರೆ. ಎಷ್ಟೇ ಹಿಂದಕ್ಕೆ ಎಳೆದರೂ ಅದು ಹದಿಮೂರನೆಯ ಶತಮಾನದ ನಡುಭಾಗವನ್ನು ದಾಟುವುದಿಲ್ಲ.

ಮೈಲಾರನ ಹೆಸರು ಅದಕ್ಕಿಂತ ಎರಡು ಶತಮಾನ ಹಿಂದೆಯೇ ಕಲ್ಲಿನ ಮೇಲೆ ಕೂತಿದೆ. ಮೈಲಾರ ಮತ್ತು ಅವನ ಮಡದಿ ಮಾಳವ್ವನನ್ನು ನೆನೆಯುವ 1063ರ ಮತ್ತು 1148ರ ಶಾಸನಗಳನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಅಲ್ಲಿ ಮಣಿಯೂ ಇಲ್ಲ, ಮಲ್ಲನೂ ಇಲ್ಲ. ಜನ ನಂಬಿದ ಒಂದು ದೈವ, ಅವನ ಪಕ್ಕದಲ್ಲಿ ಹೆಂಡತಿ, ಅಷ್ಟೆ. ಶಾಸನಗಳಿಗಿಂತಲೂ ನನಗೆ ಹೆಚ್ಚು ತೂಕದ್ದಾಗಿ ಕಾಣುವುದು ಆ ಕಾಲದ ಹೆಣ್ಣುಮಕ್ಕಳ ಹೆಸರುಗಳು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿ ಮೈಲಲದೇವಿ 1053ರ ಹೊತ್ತಿಗೆ ಬನವಾಸಿ ಪ್ರಾಂತವನ್ನು ಆಳುತ್ತಿದ್ದಳು. ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬ ಎರಡನೆಯ ಜಯಕೇಶಿಗೆ ಕೊಟ್ಟ. ಕಾಕತೀಯರ ಸೀಮೆಯಲ್ಲಿ ಮೈಲಮ, ಮೈಲಾಂಬ ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ಆ ಕಾಲದ ರಾಣಿಯರ ಹೆಸರುಗಳ ಕಟ್ಟಡ ಗಮನಿಸಿ: ಪದ್ಮಲ, ಬಾಚಲ, ಕೇತಲ, ಮೈಲಲ. ಪದ್ಮ, ಬಾಚ, ಕೇತ ಎಂಬ ಬುಡಕ್ಕೆ ‘ಲ’ ಸೇರಿದಂತೆಯೇ ‘ಮೈಲ’ ಎಂಬ ಬುಡಕ್ಕೂ ಸೇರಿದೆ. ಮೈಲಾರ ಎಂಬುದು ಮಲ್ಲ ಮತ್ತು ಅರಿ ಸೇರಿದ ಸಮಾಸವಾಗಿದ್ದರೆ ಈ ಬುಡ ಬೇರೆಯಾಗಿ ನಿಲ್ಲುವುದಕ್ಕೆ ದಾರಿಯೇ ಇರಲಿಲ್ಲ. ಮಗಳಿಗೆ ಯಾರೂ ‘ಮಲ್ಲನ ವೈರಿ’ ಎಂಬ ಪದದ ಅರ್ಧ ತುಂಡನ್ನು ಹೆಸರಾಗಿ ಇಡುವುದಿಲ್ಲ. ‘ಮೈಲ’ ಎಂಬುದು ಸ್ವತಂತ್ರ ಪದ, ಅದು ಹನ್ನೊಂದನೆಯ ಶತಮಾನದಲ್ಲಿ ಅರಮನೆಯ ತೊಟ್ಟಿಲವರೆಗೂ ಹೋಗುವಷ್ಟು ಪ್ರಿಯವಾಗಿತ್ತು. ತೆಲುಗು ನಾಡಿನಲ್ಲಿ ಈ ದೇವರ ಗೊಲ್ಲ ಹೆಂಡತಿಯ ಹೆಸರು ಕೇತಮ್ಮ. ಸೋಮೇಶ್ವರನ ಇನ್ನೊಬ್ಬ ರಾಣಿ ಕೇತಲದೇವಿ. ಇದು ಕಾಕತಾಳೀಯ ಇದ್ದೀತು, ನನ್ನ ವಾದವನ್ನು ಇದರ ಮೇಲೆ ನಿಲ್ಲಿಸುವುದಿಲ್ಲ. ಆದರೂ ಯಾರಾದರೂ ಕೂತು ಹುಡುಕಬೇಕಾದ ಸಂಗತಿ.

ಈ ದೈವವನ್ನು ಒಪ್ಪದವರ ಮಾತೂ ನಮಗೆ ಸಾಕ್ಷಿಯೇ. ಹನ್ನೆರಡನೆಯ ಶತಮಾನದ ಶರಣರು ಏಕದೇವನಿಷ್ಠೆಯ ಹೆಸರಿನಲ್ಲಿ ಮೈಲಾರ, ಭೈರವರ ಪೂಜೆಯನ್ನು ಖಂಡಿಸಿದರು. ಪಾಲ್ಕುರಿಕೆ ಸೋಮನಾಥನ ಪಂಡಿತಾರಾಧ್ಯ ಚರಿತ್ರೆ ಮೈಲಾರನ ಭಕ್ತರ ಉಗ್ರ ಸೇವೆಗಳನ್ನು ಬಣ್ಣಿಸುತ್ತದೆ. ಓರುಗಲ್ಲಿನ ಬೀದಿಗಳನ್ನು ಕಣ್ಣಿಗೆ ಕಟ್ಟಿಸುವ ತೆಲುಗಿನ ಕ್ರೀಡಾಭಿರಾಮಮು ಕೆಂಡಕ್ಕೆ ಹಾರುವ, ಮೈಗೆ ಕೊಕ್ಕೆ ಚುಚ್ಚಿಸಿಕೊಳ್ಳುವ ಮೈಲಾರ ವೀರರನ್ನು ತೋರಿಸುತ್ತದೆ. ಬೈಯುವವರು, ಬೆರಗಾಗುವವರು, ಕನ್ನಡದವರು, ತೆಲುಗಿನವರು, ಎಲ್ಲರ ಬಾಯಲ್ಲೂ ಬಂದ ಹೆಸರು ಮೈಲಾರ. ಹಳೆಯ ಮರಾಠಿಯೂ ಇದಕ್ಕೆ ಹೊರತಲ್ಲ. ಮಹಾನುಭಾವ ಪಂಥದ ಲೀಳಾಚರಿತ್ರದ ಕಾಲದ ಮರಾಠಿಯಲ್ಲಿ ಈ ದೇವರ ಹೆಸರು ‘ಮೈರಾಳ’. ಮೈಲಾರದ ಲಕಾರ ರಕಾರಗಳು ಸ್ಥಳ ಬದಲಿಸಿಕೊಂಡು ಮೈರಾಳ ಆಗಿವೆ. ಮರಾಠಿಯು ಈ ಹೆಸರನ್ನು ಸಂಸ್ಕೃತದ ಮಲ್ಲಾರಿಯಿಂದ ಪಡೆದಿದ್ದರೆ ಮೊದಲ ಅಕ್ಷರದಲ್ಲಿ ‘ಐ’ ಎಲ್ಲಿಂದ ಬಂತು? ಕನ್ನಡದ ಬಾಯಿಂದ ಕೇಳಿದ್ದರೆ ಮಾತ್ರ ಆ ‘ಐ’ಗೆ ಕಾರಣ ಸಿಗುತ್ತದೆ.

ಧ್ವನಿಯ ಲೆಕ್ಕವೂ ಇದನ್ನೇ ಹೇಳುತ್ತದೆ. ಮುರನ ಅರಿ ಮುರಾರಿ, ಪುರಗಳ ಅರಿ ಪುರಾರಿ, ತ್ರಿಪುರಾರಿ. ಇವೆಲ್ಲ ಸಾವಿರ ವರ್ಷದಿಂದ ಕನ್ನಡದಲ್ಲಿವೆ. ಹಾಡಿನಲ್ಲಿ, ಬಯಲಾಟದಲ್ಲಿ, ಮಕ್ಕಳ ಹೆಸರಿನಲ್ಲಿ ಸವೆದಿದ್ದರೂ ಕೊನೆಯ ‘ಇ’ ಬಿದ್ದಿಲ್ಲ, ಮೊದಲ ಸ್ವರ ‘ಐ’ ಆಗಿಲ್ಲ. ಮಲ್ಲಾರಿ ಒಂದೇ ಪದ ಮಾತ್ರ ಎರಡು ಕಡೆಯೂ ಮುರಿದು ಮೈಲಾರ ಆಯಿತು ಎನ್ನಬೇಕಾದರೆ ಬಲವಾದ ಕಾರಣ ಬೇಕು. ಅಂಥ ಕಾರಣವನ್ನು ಯಾರೂ ಕೊಟ್ಟಿಲ್ಲ. ತಿರುಗಿಸಿ ನೋಡಿದರೆ ಎಲ್ಲವೂ ಸರಳ: ಮೈಲಾರ ಎಂಬ ಅರ್ಥ ತಿಳಿಯದ ಹೆಸರನ್ನು ಕೇಳಿದ ಸಂಸ್ಕೃತ ಪಂಡಿತ ಅದರಲ್ಲಿ ತನಗೆ ಪರಿಚಯವಿದ್ದ ‘ಮಲ್ಲ’ನನ್ನೂ ‘ಅರಿ’ಯನ್ನೂ ಕಂಡ. ಊರಿನ ಹೆಸರುಗಳಿಗೆ ಸ್ಥಳಪುರಾಣದವರು ಮಾಡಿದ್ದೂ ಇದನ್ನೇ.

ಹಾಗಾದರೆ ಮಲ್ಲ ಎಂಬ ಹೆಸರೇ ಯಾಕೆ ಹೊಳೆಯಿತು? ಈ ಪ್ರಶ್ನೆಯ ಉತ್ತರ ಮಂಗಸೂಳಿಯ ಭಕ್ತನ ನಾಲಿಗೆಯ ಮೇಲೆಯೇ ಇದೆ. ದೇವರನ್ನೇ ಅವನು ಮಲ್ಲಯ್ಯ ಅನ್ನುತ್ತಾನೆ. ಕೊಮುರವೆಲ್ಲಿಯ ತೆಲುಗಿನವನು ಅದೇ ದೇವರನ್ನು ಮಲ್ಲನ್ನ ಅನ್ನುತ್ತಾನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಸೀಮೆಯಿಂದ ಯುಗಾದಿಗೆ ಕಂಬಿ ಹೊತ್ತು ನೂರಾರು ಮೈಲಿ ನಡೆದುಹೋಗುವವರಿಗೆ ಶ್ರೀಶೈಲದ ಮಲ್ಲಿಕಾರ್ಜುನನೂ ಮಲ್ಲಯ್ಯನೇ. ಮಲೆಯ ಒಡೆಯ ಮಲ್ಲಯ್ಯ ಎಂಬ ವಿವರಣೆ ಇಲ್ಲಿ ಸಹಜವಾಗಿ ಕೂಡುತ್ತದೆ, ಶ್ರೀಶೈಲವಂತೂ ಬೆಟ್ಟವೇ. ಅಂದರೆ ದಖ್ಖನಿನ ಜನ ಒಂದು ಶಿವರೂಪವನ್ನು ಮಲ್ಲಯ್ಯ ಎಂದೂ ಮೈಲಾರ ಎಂದೂ ಕರೆಯುತ್ತಿದ್ದರು, ಎರಡು ಹೆಸರುಗಳು ಒಂದರ ಪಕ್ಕ ಒಂದು ಬಾಳುತ್ತಿದ್ದವು. ಮಲ್ಲಾರಿ ಎಂದ ಪಂಡಿತ ದೇವರ ಒಂದು ಹೆಸರನ್ನು ತೆಗೆದು ದೇವರ ಶತ್ರುವಿಗೆ ಇಟ್ಟ. ಇಡೀ ಪ್ರಶ್ನೆಯ ಕೀಲು ಇದೇ ಎಂದು ನಾನು ನಂಬುತ್ತೇನೆ. ನಿತ್ಯವೂ ‘ಮಲ್ಲಯ್ಯಾ’ ಎಂದು ಕೈಮುಗಿಯುವ ಕುರುಬ, ಒಕ್ಕಲಿಗ ಆ ಕ್ಷಣದಲ್ಲಿ ದೈತ್ಯನನ್ನು ನೆನೆಯುತ್ತಿದ್ದಾನೆ ಎಂದು ಯಾರಾದರೂ ಹೇಳಿಯಾರೇ? ದೈತ್ಯನ ಕಥೆ ಮೊದಲಿದ್ದು ಹೆಸರು ಆಮೇಲೆ ಹುಟ್ಟಿದ್ದರೆ ಭಕ್ತರು ದೇವರಿಗೆ ಮಲ್ಲಯ್ಯ ಎಂಬ ಹೆಸರನ್ನು ತಪ್ಪಿಯೂ ಇಡುತ್ತಿರಲಿಲ್ಲ. ರಾಮನ ಭಕ್ತ ರಾಮನನ್ನು ರಾವಣಯ್ಯ ಎನ್ನುವುದಿಲ್ಲ.

ಹೆಸರು ಪಯಣ ಮಾಡಿದ ದಿಕ್ಕನ್ನು ತೋರಿಸುವ ಇನ್ನೊಂದು ಸಾಕ್ಷಿ ಜಯಘೋಷದಲ್ಲಿದೆ. ಖಂಡೋಬಾನ ಒಕ್ಕಲಿನ ಮನೆಗಳಲ್ಲಿ ಚಂಪಾಷಷ್ಠಿಗೆ, ಮದುವೆಯ ನಂತರ, ಹೊಸ ಪೈರು ಮನೆಗೆ ಬಂದಾಗ ತಳಿ ಎತ್ತುವ ಪದ್ಧತಿ ಇದೆ. ತಾಟಿನಲ್ಲಿ ವೀಳ್ಯದೆಲೆ, ಅಡಕಿ, ಕೊಬ್ಬರಿ ಬಟ್ಟಲು, ಭಂಡಾರ ಇಟ್ಟು, ಗಂಡಸರು ಸುತ್ತ ಕೂತು, ಎಲ್ಲರೂ ತಾಟಿಗೆ ಕೈ ಹಚ್ಚಿ ಒಮ್ಮೆಗೇ ಮೇಲೆತ್ತುತ್ತಾರೆ. ಎತ್ತುವಾಗ ಬರುವ ಕೂಗು ‘ಯೆಳಕೋಟ’. ಆಮೇಲೆ ಭಂಡಾರ ಹಣೆಗೆ, ಕೊಬ್ಬರಿ ಚೂರು ಬಾಯಿಗೆ. ಖಂಡೋಬಾನ ಕ್ಷೇತ್ರವಾದ ಜೇಜುರಿಯ ಮೆಟ್ಟಿಲುಗಳ ಮೇಲೆ ಲಕ್ಷಾಂತರ ಜನ ಕೂಗುವುದೂ ಇದನ್ನೇ. ಮರಾಠಿಯಲ್ಲಿ ಏಳಕ್ಕೆ ‘ಸಾತ್’ ಎನ್ನುತ್ತಾರೆ. ‘ಯೆಳ’ ಎಂದರೆ ಆ ಭಾಷೆಯಲ್ಲಿ ಏನೂ ಅಲ್ಲ. ಅದು ನಮ್ಮ ಏಳುಕೋಟಿ. ಹಡಗಲಿಯ ಮೈಲಾರದಲ್ಲಿ ದೇವರ ಸೇವೆಗೆ ನಿಂತ ಗೊರವಪ್ಪಗಳು ಕಪ್ಪು ಕಂಬಳಿ ಹೊದ್ದು, ಡಮರು ಹಿಡಿದು ಕೂಗುವ ಏಳುಕೋಟಿಯೇ ಮರಾಠಿ ನಾಡಿನಲ್ಲಿ ಅರ್ಥ ಕಳೆದುಕೊಂಡು, ಬರೀ ಶ್ರದ್ಧೆಯ ಶಬ್ದವಾಗಿ ಉಳಿದಿದೆ. ‘ಏಳು ಕೋಟೆ’ ಎಂದು ಅರ್ಥ ಮಾಡುವವರೂ ಇದ್ದಾರೆ. ಕೋಟಿಯೋ ಕೋಟೆಯೋ, ಮೊದಲ ತುಂಡು ಕನ್ನಡ ಎಂಬುದರಲ್ಲಿ ಬದಲಿಲ್ಲ. ದೇವರು ಬೀದರ ಬಳಿಯ ಪ್ರೇಮಪುರದಿಂದ ನಳದುರ್ಗಕ್ಕೆ, ಅಲ್ಲಿಂದ ಪಾಲಿಗೆ, ಕೊನೆಗೆ ಜೇಜುರಿಗೆ ಬಂದ ಎಂಬುದು ಮರಾಠಿ ಪರಂಪರೆಯೇ ಒಪ್ಪಿಕೊಂಡ ದಾರಿ. ಮರಾಠಿಯ ದೊಡ್ಡ ಸಂಶೋಧಕ ರಾ. ಚಿಂ. ಢೇರೆಯವರು ಖಂಡೋಬಾನ ಕನ್ನಡ ಬೇರನ್ನು ಮುಚ್ಚಿಡದೆ ಬರೆದರು. ನಮ್ಮ ಶಂ. ಬಾ. ಜೋಶಿಯವರು ಹಾಲುಮತದ ಅಧ್ಯಯನದಲ್ಲಿಯೂ ಮರಾಠಿಯಲ್ಲೇ ಬರೆದ ಗ್ರಂಥದಲ್ಲಿಯೂ ಇದೇ ನೆಲದ ಸಂಬಂಧಗಳನ್ನು ಬಗೆದು ತೋರಿಸಿದರು.

ಈಗ ಎದುರು ವಾದಗಳಿಗೆ ಬರೋಣ. ಎಲ್ಲಕ್ಕಿಂತ ಆಕರ್ಷಕವಾದದ್ದು ಸ್ಕಂದನ ವಾದ. ಖಂಡೋಬಾ ಎಂದರೆ ಸ್ಕಂದ, ಮೈಲಾರ ಎಂದರೆ ತಮಿಳಿನ ಮಯಿಲ್, ಅಂದರೆ ನವಿಲು ಏರಿದವನು. ಇಬ್ಬರು ಹೆಂಡಿರು, ಷಷ್ಠಿಯ ಹಬ್ಬ, ಸೇನಾಪತಿಯ ಲಕ್ಷಣ ಎಲ್ಲವೂ ಮುರುಗನಿಗೆ ಹೊಂದುತ್ತವೆ ಎನ್ನುತ್ತಾರೆ. ಹೋಲಿಕೆಗಳು ನಿಜ. ಆದರೆ ಮೈಲಾರನ ಬಳಿ ನವಿಲು ಎಲ್ಲಿದೆ? ಅವನಿಗೆ ಕುದುರೆ ಇದೆ, ನಾಯಿ ಇದೆ. ಗೊರವರು ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ನಾಯಿಯಂತೆ ಬೊಗಳುತ್ತ, ಬಾಯಿ ಹಚ್ಚಿ ತಿನ್ನುವ ದೋಣಿ ಸೇವೆ ಇಂದಿಗೂ ನಡೆಯುತ್ತದೆ. ಕನ್ನಡಕ್ಕೆ ನವಿಲು, ತೆಲುಗಿಗೆ ನೆಮಲಿ ಎಂಬ ತಮ್ಮದೇ ಪದಗಳಿದ್ದಾಗ, ಈ ಎರಡು ಭಾಷೆಗಳ ನಡುವೆ ಬೆಳೆದ ದೇವರಿಗೆ ತಮಿಳಿನ ಪಕ್ಷಿಯ ಹೆಸರು ಬಂದಿತೆನ್ನುವುದು ಕಷ್ಟ. ಖಂಡೋಬಾ ಎಂಬ ಹೆಸರಿಗಂತೂ ಸ್ಕಂದನವರೆಗೆ ಹೋಗಬೇಕಾಗಿಲ್ಲ; ಕೈಯಲ್ಲಿ ಖಂಡ, ಅಂದರೆ ಖಡ್ಗ ಹಿಡಿದವನು, ಬಾ ಎಂಬ ಗೌರವದ ಪ್ರತ್ಯಯ, ಅಷ್ಟು ಸಾಕು. ಇನ್ನೊಂದು ಆಕ್ಷೇಪ, ಮೈಲಾರ ಮೊದಲು ಊರಿನ ಹೆಸರು, ಊರಿಂದ ದೇವರಿಗೆ ಬಂತು ಎಂಬುದು. ಯಾದಗಿರಿಯ ಮೈಲಾರಪುರ, ಬೀದರದ ಆದಿ ಮೈಲಾರ, ಹಡಗಲಿಯ ಮೈಲಾರ ಹೀಗೆ ದೂರ ದೂರದ ಊರುಗಳು ಒಂದೇ ಹೆಸರು ಹೊತ್ತಿವೆ, ಮತ್ತು ಆ ಊರುಗಳಲ್ಲೆಲ್ಲ ಅದೇ ದೇವರಿದ್ದಾನೆ. ದೇವರಿಂದ ಊರಿಗೆ ಹೆಸರು ಬಂದಿದೆ ಎನ್ನಲು ಇದಕ್ಕಿಂತ ಹೆಚ್ಚು ಬೇಕಿಲ್ಲ.

ಅರ್ಥ ಮರೆತ ದೇವರಿಗೆ ದೊಡ್ಡ ದೇವರ ಹೆಸರು ತೊಡಿಸುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನ ಲಿಡ್ನಿ ಎಂಬಲ್ಲಿ ರೋಮನ್ನರ ಕಾಲದ ಒಂದು ಗುಡಿ ಇತ್ತು. ಅಲ್ಲಿ ಪೂಜೆಗೊಂಡವನು ನೋಡೆನ್ಸ್ ಎಂಬ ಕೆಲ್ಟ್ ಜನರ ದೇವರು. ಹರಕೆಯ ಫಲಕವೊಂದರಲ್ಲಿ ಅವನನ್ನು ರೋಮನ್ನರ ಯುದ್ಧದೇವ ಮಾರ್ಸ್‌ನೊಡನೆ ಒಂದುಗೂಡಿಸಿ ಬರೆಯಲಾಗಿದೆ, ನಮ್ಮ ಮೈಲಾರ ಮಾರ್ತಾಂಡ ಭೈರವನಾದಂತೆ. ಅಲ್ಲಿ ನಾಯಿಯ ಕಂಚಿನ ಮೂರ್ತಿಗಳೂ ಸಿಕ್ಕವು. ಉತ್ಖನನ ಮಾಡಿದ ಮಾರ್ಟಿಮರ್ ವ್ಹೀಲರ್ 1932ರಲ್ಲಿ ಹೊರತಂದ ವರದಿಗೆ ನೋಡೆನ್ಸ್ ಎಂಬ ಹೆಸರಿನ ಮೇಲೆ ಟಿಪ್ಪಣಿ ಬರೆದುಕೊಟ್ಟವರು, ಆಮೇಲೆ ಕಾದಂಬರಿಕಾರರಾಗಿ ಜಗತ್ತಿಗೆ ಗೊತ್ತಾದ ಭಾಷಾವಿದ್ವಾಂಸ ಟೋಲ್ಕಿನ್. ಐರ್ಲೆಂಡಿನ ಕಥೆಗಳ ಬೆಳ್ಳಿಗೈ ರಾಜ ನುಅದನೊಂದಿಗೆ ಅವರು ಆ ಹೆಸರನ್ನು ಕೂಡಿಸಿ, ‘ಹಿಡಿಯುವವನು, ಬೇಟೆಯವನು’ ಎಂಬ ಅರ್ಥದ ಕಡೆ ಬೆರಳು ತೋರಿದರು. ನಾಯಿ ಎರಡೂ ಕಡೆ ಇದೆಯೆಂದು ನೋಡೆನ್ಸನಿಗೂ ಮೈಲಾರನಿಗೂ ನೆಂಟಸ್ತಿಕೆ ಹಚ್ಚುವುದು ಬೇಡ. ಅಂಥ ಹೋಲಿಕೆಗಳಿಂದಲೇ ಹೆಸರುಗಳ ಅಧ್ಯಯನ ಕೆಟ್ಟದ್ದು. ಕಲಿಯಬೇಕಾದದ್ದು ಕ್ರಮ. ಲಿಡ್ನಿಯಲ್ಲಿ ಯಾರೂ ಮಾರ್ಸ್‌ನಿಂದ ನೋಡೆನ್ಸ್ ಹುಟ್ಟಿದ ಎನ್ನಲಿಲ್ಲ. ಸ್ಥಳೀಯ ಹೆಸರನ್ನು ಹಳೆಯದೆಂದು ಹಿಡಿದು, ಮೇಲೆ ಹೊದಿಸಿದ ಹೆಸರನ್ನು ಹೊಸದೆಂದು ಬಿಡಿಸಿ, ನೆರೆಯ ಭಾಷೆಗಳ ರೂಪಗಳನ್ನು ಪಕ್ಕಕ್ಕಿಟ್ಟು ನೋಡಿದರು. ಮೈಲಾರನಿಗೂ ಅದೇ ನ್ಯಾಯ ಸಿಗಬೇಕು. ಲಿಡ್ನಿಯ ವಿದ್ವಾಂಸರಿಗೆ ಇದ್ದದ್ದು ಕೆಲವೇ ಅಕ್ಷರಗಳು. ಆ ಹೆಸರನ್ನು ಕೂಗಿದ ಬಾಯಿಗಳೆಲ್ಲ ಎಂದೋ ಮಣ್ಣಾಗಿದ್ದವು. ನಮ್ಮಲ್ಲಿ ಕೂಗು ಇನ್ನೂ ನಿಂತಿಲ್ಲ.

ಕೊನೆಯ ಆಕ್ಷೇಪ ಭಾಷಾಶಾಸ್ತ್ರದ್ದಲ್ಲ. ಗಡಿಯ ತಾಲ್ಲೂಕುಗಳಲ್ಲಿ ಕೂತು ಖಂಡೋಬಾನ ಮೂಲ ಕನ್ನಡ ಎಂದರೆ ಅದು ಗಡಿವಾದದ ಮಾತಾಗುತ್ತದೆ ಎನ್ನುವವರಿದ್ದಾರೆ. ಗಡಿ ಪ್ರಶ್ನೆಯನ್ನು ಪರಿಶೀಲಿಸಿದ ಮಹಾಜನ ಆಯೋಗದ ವರದಿ 1967ರಲ್ಲಿ ಬಂದಾಗಿನಿಂದ ಈ ಸೀಮೆಯಲ್ಲಿ ಹೆಸರು ಎಂದೊಡನೆ ಫಲಕ ನೆನಪಾಗುತ್ತದೆ, ಫಲಕ ಎಂದೊಡನೆ ಜಗಳ. ಈ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಹೆಸರಿನ ಹುಟ್ಟು ಯಾರ ಹಕ್ಕುಪತ್ರವೂ ಅಲ್ಲ. ಮೈಲಾರ ಕನ್ನಡದಲ್ಲಿ ಹುಟ್ಟಿದ ಹೆಸರು ಎಂದ ಮಾತ್ರಕ್ಕೆ ಮರಾಠಿ ಮನೆಗಳ ಶತಮಾನಗಳ ಭಕ್ತಿ ಕಿರಿದಾಗುವುದಿಲ್ಲ. ಇಂದೂರಿನ ಹೋಳ್ಕರ ಮನೆತನದ ಮೂಲಪುರುಷ ಮಲ್ಹಾರರಾಯನೂ, ಮೋಟೆಬೆನ್ನೂರಿನ ಹುತಾತ್ಮ ಮೈಲಾರ ಮಹದೇವನೂ ಹೊತ್ತದ್ದು ಒಬ್ಬನೇ ದೇವರ ಹೆಸರು. ದೇವರು ಕುರುಬರ ಮನೆಯ ಹೆಣ್ಣನ್ನು ತಂದ ಕಥೆ ಕನ್ನಡದಲ್ಲಿ ಗಂಗಿಮಾಳವ್ವನದು, ಮರಾಠಿಯಲ್ಲಿ ಧನಗರರ ಬಾಣಾಯಿಯದು, ತೆಲುಗಿನಲ್ಲಿ ಗೊಲ್ಲರ ಕೇತಮ್ಮನದು. ಕುರಿ ಹಿಂಡಿನ ಬೆನ್ನು ಹತ್ತಿ ನಡೆದ ಜನ ಈ ದೇವರನ್ನು ನಾಲ್ಕೂ ದಿಕ್ಕಿಗೆ ಒಯ್ದರು. ಅವರ ದಾರಿಯಲ್ಲಿ ಆಗ ರಾಜ್ಯದ ಗಡಿಕಲ್ಲು ಇರಲಿಲ್ಲ. ನಿಪ್ಪಾಣಿ ಬಳಿಯ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಮರಾಠಿಯಲ್ಲಿ ಭಾಕಣೂಕ ನಡೆಯುತ್ತದೆ, ಮೈಲಾರದಲ್ಲಿ ಬಿಲ್ಲೇರಿದ ಗೊರವಯ್ಯ ‘ಸದ್ದಲೇ’ ಎಂದು ಕನ್ನಡದಲ್ಲಿ ಕಾರಣಿಕ ನುಡಿಯುತ್ತಾನೆ. ಮಳೆ ಬೆಳೆಯ ಭವಿಷ್ಯಕ್ಕೆ ಕಿವಿಗೊಡುವ ಒಕ್ಕಲುತನದ ಜನಕ್ಕೆ ಎರಡೂ ಒಂದೇ ಪದ್ಧತಿಯ ಎರಡು ನುಡಿ. ಇದನ್ನು ಬಿಡಿಸಿ ಹೇಳುವುದರಿಂದ ಜಗಳ ಹೆಚ್ಚುವುದಿಲ್ಲ.

ಹೀಗೆ ನನ್ನ ನಿರ್ಣಯ ಇಷ್ಟು: ಮೈಲಾರ ಎಂಬುದು ಹನ್ನೊಂದನೆಯ ಶತಮಾನಕ್ಕಾಗಲೇ ಕನ್ನಡ ಮತ್ತು ತೆಲುಗು ನಾಡುಗಳಲ್ಲಿ ಬೇರುಬಿಟ್ಟಿದ್ದ ಸ್ವತಂತ್ರ ಹೆಸರು, ಹಳೆಯ ಮರಾಠಿಯ ಮೈರಾಳ ಅದರದೇ ರೂಪ, ಮಲ್ಲಯ್ಯ ಅದರ ಜೊತೆ ಬೆಳೆದ ಇನ್ನೊಂದು ಹೆಸರು, ಮಲ್ಲಾರಿ ಇವೆರಡನ್ನೂ ಸಂಸ್ಕೃತದ ಪುರಾಣಕ್ಕೆ ಒಗ್ಗಿಸಲು ಆಮೇಲೆ ಕಟ್ಟಿದ್ದು. ‘ಮೈಲ’ ಎಂಬ ಬುಡದ ಅರ್ಥವನ್ನು ಶಾಸನಗಳ ಹೆಸರುಗಳಿಂದ ಅಷ್ಟೇ ಬಿಡಿಸಲಾಗದು, ಅದಕ್ಕೆ ಬಾಯಿಮಾತಿನ ಸಾಮಗ್ರಿ ಬೇಕು. ಅದು ಪುಸ್ತಕದಲ್ಲಿಲ್ಲ, ಗೊರವರ, ಈ ದೇವರ ಸೇವಕರಾದ ವಗ್ಗಯ್ಯಗಳ, ಡೊಳ್ಳಿನ ಮೇಳದವರ ಹಾಡಿನಲ್ಲಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ಮನೆಯಲ್ಲೇ ಕಲಿತ ಹುಡುಗ ಹುಡುಗಿಯರಿದ್ದಾರೆ. ಅವರು ಬರುವ ಚಂಪಾಷಷ್ಠಿಗೆ ಮಂಗಸೂಳಿಗೆ ಹೋಗಲಿ. ಹಾಡು ಯಾವ ಭಾಷೆಯದಾದರೂ ಸರಿ, ಹಾಡಿದವರ ಒಪ್ಪಿಗೆ ಪಡೆದು ಪೂರ್ತಿ ಧ್ವನಿಮುದ್ರಿಸಿಕೊಂಡು, ದೇವರ ಹೆಸರು ಬಂದಲ್ಲೆಲ್ಲ ಅವರು ಅಂದ ಹಾಗೆಯೇ, ತಿದ್ದದೆ ಬರೆದಿಟ್ಟುಕೊಳ್ಳಲಿ. ಈ ಕೆಲಸವನ್ನು ಅವರ ಕೈಗೆ ಕೊಡುವ ಹೊಣೆ ಅಲ್ಲಿನ ಕನ್ನಡ ಮತ್ತು ಮರಾಠಿ ಅಧ್ಯಾಪಕರದು.